ಎರಡನೆಯ ಜೈಲು

ಮುತ್ಯಾಲಮ್ಮ ಗಂಡನ ಗಲ್ಲಕ್ಕೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಮೈದುನ ವೆಂಕಟೇಶಪ್ಪ ಬೆಳಗ್ಗೆ ಹಾಕಿದ್ದ ಗಂಟು ಸಡಿಲವಾಗಿ ಜಯರಾಮಪ್ಪನ ಬಾಯಿ ಒಂದಿಷ್ಟು ತೆರೆದುಕೊಂಡಿತ್ತು, ಇನ್ನೇನು ಎದ್ದು ಏನೋ ಹೇಳಿಬಿಡುತ್ತಾನೆ ಅನ್ನುವ ಹಾಗೆ. ಬದುಕಿದ್ದಾಗ ಬೆಂಗಳೂರಿನ ಮಂತ್ರಿಗಳ ಕೈಯಲ್ಲೂ ಮುಚ್ಚಿಸಲಾಗದ ಬಾಯಿ ಅದು. ಒಂದು ಗಂಟಿಗೆಲ್ಲ ಬಗ್ಗುವುದೇ? ಅವಳು ಬಟ್ಟೆಯನ್ನು ನೆತ್ತಿಯ ಮೇಲೆ ತಂದು ಬಿಗಿಯಾಗಿ ಎಳೆದು ಕಟ್ಟಿ, ಕೆದರಿದ ನರೆಗೂದಲನ್ನು ಅಂಗೈಯಲ್ಲಿ ಸವರಿದಳು.

"ಅತ್ಗೆ, ನಾನ್ ಯೋಳಿದ್ದು ಕೇಳಿಸ್ತಾ?" ಅಂದ ವೆಂಕಟೇಶಪ್ಪ ಬಾಗಿಲ ಬಳಿಯಿಂದ.

"ಕೇಳಿಸ್ತು."

"ಶ್ರೀನಿವಾಸಪ್ಪೋರು ಬಂಗಾರಪೇಟೆಯಿಂದ ಕಾರಾಗೆ ಬತ್ತಾವ್ರೆ. ಹಾರ ಹಾಕಿ ನಾಕ್ ಮಾತು ಆಡ್ತಾರೆ. ಅಣ್ಣನ ಮ್ಯಾಲೆ ಆಕಿದ್ದ ಕೇಸು ಸುಳ್ಳು ಅಂತ ಯೋಳ್ತಾರೆ. ಆಮ್ಯಾಕೆ ನಿನ್ ಕಡೆ ತಿರುಗಿ, ಅಲ್ವೇನಮ್ಮಾ ಅಂತಾರೆ. ನೀನು ಊಂ ಅಂದ್ರೆ ಸಾಕು. ಇಷ್ಟು ಜನದ ಮುಂದೆ ಎಂಡ್ತಿ ಒಪ್ಕೊಂಡ್ಲು ಅಂದ್ರೆ ಅವ್ರು ಮಂತ್ರಿಗಳ ತಾವ ಓಗಿ, ನಿಂತೋದ ಪೆನ್ಷನ್ನ ನಿನ್ನೆಸರ್ಗೆ ಮಾಡಿಸ್ಕೊಡ್ತಾರೆ."

ಆ ಪೆನ್ಷನ್ನಿನ ಕತೆ ಮಾರಿಕುಪ್ಪಂನಲ್ಲಿ ತಿಳಿಯದವರಿರಲಿಲ್ಲ. ಮಹಾರಾಜರ ಕಾಲ ಮುಗಿದು ಜನರ ಸರ್ಕಾರ ಬರಬೇಕೆಂದು ಚಳವಳಿ ನಡೆದಾಗ ಜಯರಾಮಪ್ಪ ಚಿನ್ನದ ಗಣಿಯ ಕೂಲಿಗಳನ್ನು ಕಟ್ಟಿಕೊಂಡು ಮೆರವಣಿಗೆ ಹೋಗಿ ಜೈಲು ಸೇರಿದ್ದ. ಅಂಥವರಿಗೆ ಮುಂದೆ ಸರ್ಕಾರ ತಿಂಗಳು ತಿಂಗಳು ಪೆನ್ಷನ್ ಕೊಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ ಜನ ಅವನನ್ನು ಗೆಲ್ಲಿಸಿ ಬೆಂಗಳೂರಿನ ಶಾಸನಸಭೆಗೂ ಕಳಿಸಿದರು. ಆ ಅವಧಿ ಮುಗಿದ ಮಾರನೆಯ ವರ್ಷ ಅವನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಟಿಕೆಟ್ ಕೇಳಿದ ರೈಲ್ವೆಯವನನ್ನು ತಳ್ಳಿ ಕಾಲು ಮುರಿದು ಎರಡನೆಯ ಸಲ ಜೈಲಿಗೆ ಹೋದ. ಮೊದಲ ಜೈಲು ತಂದುಕೊಟ್ಟ ಪೆನ್ಷನ್ನನ್ನು ಎರಡನೆಯ ಜೈಲು ನುಂಗಿಹಾಕಿತು. ಅಪರಾಧ ಮಾಡಿ ಶಿಕ್ಷೆಯಾದವನಿಗೆ ಪೆನ್ಷನ್ ಇಲ್ಲ ಅನ್ನುವ ನಿಯಮ. ಆ ನಿಯಮ ಬೇಕೇ ಬೇಕು ಎಂದು ಸಭೆಯಲ್ಲಿ ಎದ್ದು ನಿಂತು ಹಟ ಹಿಡಿದವನು ಮಾತ್ರ ಬೇರೆ ಯಾರೂ ಅಲ್ಲ, ಇದೇ ಜಯರಾಮಪ್ಪ.

"ಅವ್ರಿಗೇನು ಬಂತು, ಈಗ ಈ ಕನಿಕರ?" ಅಂದಳು ಮುತ್ಯಾಲಮ್ಮ.

"ಎಲೆಕ್ಷನ್ ಅತ್ರ ಬಂತಲ್ಲ, ಅವ್ರೇ ನಿಲ್ತಾರೆ. ಲೈನ್‌ಮನೆ ಜನ ಅಣ್ಣನೆಸರು ಕೇಳಿದ್ರೆ ಕೈ ಮುಗೀತಾರೆ. ಅವ್ರಿಗೆ ಅದು ಬೇಕು. ನಮ್ಗೆ ಇದು ಬೇಕು." ವೆಂಕಟೇಶಪ್ಪ ಒಳಗೆ ಬಂದು ಅತ್ತಿಗೆಯ ಎದುರು ಕುಕ್ಕರಗಾಲಲ್ಲಿ ಕೂತ. ಅವನು ಕೆಟ್ಟವನಲ್ಲ. ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯಲ್ಲಿ ರಾಗಿ ಬೆಳೆದುಕೊಂಡು, ಎರಡು ಹಸು ಕಟ್ಟಿಕೊಂಡು, ಅಣ್ಣನ ಮೇಲೆ ಪ್ರಾಣವಿಟ್ಟುಕೊಂಡಿದ್ದವನು. ರಾತ್ರಿಯೆಲ್ಲ ಅತ್ತು ಕಣ್ಣು ಊದಿಸಿಕೊಂಡಿದ್ದ. "ನಿನ್ ಮಂಡಿ ನೋಡ್ಕೊ. ನಾಳೆಯಿಂದ ರಾಬರ್ಟ್‌ಸನ್‌ಪೇಟೆಗೆ ಸೊಪ್ಪಿನ ಗಂಟು ಒರೋರ್ಯಾರು? ಮಕ್ಳಿಲ್ಲ. ನಮ್ಮನೆಗೆ ಬಾ ಅಂದ್ರೆ ಬರಲ್ಲ ಅಂತೀಯ."

"ಬರಲ್ಲ."

"ಮತ್ತೆ? ಅದ್ಕೇ ಯೋಳ್ತಿರೋದು. ಸತ್ತೋನ್ಗೆ ಇನ್ನ್ಯಾವ ಕೇಸು, ಯಾವ ಕೋರ್ಟು. ಇರೋರು ಬದುಕ್ಬೇಕು."

ಅಷ್ಟರಲ್ಲಿ ಮಾರಿಯಮ್ಮ ಬಂದಳು. ಗಣಿ ಕೂಲಿಗಳ ಲೈನ್‌ಮನೆಗಳಲ್ಲಿ ಯಾರೇ ಸತ್ತರೂ ಹಾಡಿ ಅಳುವುದಕ್ಕೆ ಅವಳೇ ಬರಬೇಕು. ಕನ್ನಡದವರಿಗೆ ಕನ್ನಡದಲ್ಲಿ, ತಮಿಳಿನವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಅಳುತ್ತಾಳೆ. ಹಾಡು ಶುರುಮಾಡುವ ಮೊದಲು ಮನೆಯವರ ಹತ್ತಿರ ಕೂತು ಸತ್ತವರ ಬಾಳನ್ನು ಕೇಳಿಕೊಳ್ಳುವುದು ಅವಳ ಪದ್ಧತಿ. ಹುಟ್ಟಿದ್ದೆಲ್ಲಿ, ಇಷ್ಟಪಟ್ಟು ಉಣ್ಣುತ್ತಿದ್ದುದೇನು, ಯಾರಿಗೆ ಏನು ಮಾಡಿದರು. ಹೆಣದ ಮುಂದೆ ಅವಳು ಹಾಡಿ, ಸುತ್ತ ಕೂತ ಹೆಂಗಸರು ಎದೆ ಬಡಿದುಕೊಂಡು ಸೊಲ್ಲು ಕೊಟ್ಟರೆಂದರೆ ಮುಗಿಯಿತು. ಆಮೇಲೆ ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಹತ್ತು ವರ್ಷವಾದ ಮೇಲೂ ಜನ, "ಮಾರಿಯಮ್ಮ ಅವತ್ತೇ ಹಾಡಿದಳಲ್ಲ" ಅನ್ನುತ್ತಾರೆ. ಅವಳಿಗೂ ಒಂದು ಕಟ್ಟುಪಾಡಿತ್ತು. ತಾನಾಗಿ ಸುಳ್ಳು ಹಾಡುವುದಿಲ್ಲ. ಮನೆಯವರು ಹೇಳಿಸಿದರೆ ಹಾಡುತ್ತಾಳೆ, ಪಾಪ ಹೇಳಿಸಿದವರಿಗೆ.

ಅವಳು ಮುತ್ಯಾಲಮ್ಮನ ಮಂಡಿಯ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಕೇಳಿದಳು. "ಅಕ್ಕಾ, ಮೊದಲ್ನೇ ಜೈಲು ನಂಗೆ ಗೊತ್ತು. ಎರಡ್ನೇದು ಎಂಗೆ ಹಾಡ್ಲಿ?"

"ಎಣ್ಮಗಳ ಮಾನ ಕಾಯಕ್ಕೆ ಜೈಲಿಗೋದ್ರು ಅಂತ ಹಾಡು," ಅಂದ ವೆಂಕಟೇಶಪ್ಪ. "ಆ ರೈಲ್ವೆಯೋನು ಮೊಸರು ಮಾರೋ ಎಂಗಸಿನ ಸೆರಗು ಎಳ್ದ, ಅದ್ಕೆ ಅಣ್ಣ ತಳ್ದ. ಊರೆಲ್ಲ ಅಂಗೇ ತಾನೇ ಯೋಳೋದು."

ಮಾರಿಯಮ್ಮ ಅವನ ಕಡೆ ನೋಡಲಿಲ್ಲ. "ಅಕ್ಕಾ?" ಅಂದಳು ಮತ್ತೊಮ್ಮೆ.

ಮುತ್ಯಾಲಮ್ಮ ಗಂಡನ ತಲೆಯ ಮೇಲಿನ ಗಂಟನ್ನೇ ನೋಡುತ್ತಿದ್ದಳು. ಮಂಡಿ ಒಳಗೊಳಗೇ ಕುಟ್ಟುತ್ತಿತ್ತು. "ಊಂ," ಅಂದಳು. ಅಂದದ್ದು ತಾನೇ ಅನ್ನುವುದು ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ.

*

ವಿಧಾನಸೌಧವನ್ನು ಇನ್ನೂ ಕಟ್ಟುತ್ತಿದ್ದ ಕಾಲ. ಸಭೆ ಹಳೆಯ ಕಚೇರಿಯಲ್ಲಿ ಸೇರುತ್ತಿತ್ತು. "ಐದ್ ವರ್ಷ ಅಲ್ ಕೂತ್ಕೊಂಡು ಏನ್ ಮಾಡ್ತೀಯಾ" ಎಂದು ದಿನಾ ಕಿಚಾಯಿಸುತ್ತಿದ್ದ ಹೆಂಡತಿಯನ್ನು ಜಯರಾಮಪ್ಪ ಒಂದು ದಿನ ಜೊತೆಗೇ ರೈಲು ಹತ್ತಿಸಿಕೊಂಡು ಹೋಗಿದ್ದ. ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಿ ಬೆಂಗಳೂರು ಮುಟ್ಟುವ ಹೊತ್ತಿಗೆ ಅವಳ ಹೊಸ ಸೀರೆಯ ತುಂಬ ಇಂಜಿನ್ನಿನ ಮಸಿ. ನೋಡುವವರು ಕೂರುವ ಮಹಡಿಯಲ್ಲಿ ಅವಳನ್ನು ಕೂರಿಸಿ ಅವನು ಕೆಳಗೆ ಹೋದ. ಹಸಿವಾಗಿ ಅವಳು ರಾಗಿರೊಟ್ಟಿಯ ಗಂಟು ಬಿಚ್ಚಿದಾಗ ಬಿಳಿ ಅಂಗಿಯ ಜವಾನನೊಬ್ಬ ಬಂದು, ಇಲ್ಲಿ ತಿನ್ನಬಾರದಮ್ಮಾ ಎಂದು ಮೆತ್ತಗೆ ಹೇಳಿದ. ಮತ್ತೆ ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡಳು.

ಆವತ್ತಿನ ಮಾತು ಚಳವಳಿಯಲ್ಲಿ ಜೈಲಿಗೆ ಹೋದವರ ಪೆನ್ಷನ್ನಿನದೇ. ಒಬ್ಬರಾದ ಮೇಲೊಬ್ಬರು ಎದ್ದು ಕೊಡಲೇಬೇಕು, ಕೊಡಲೇಬೇಕು ಅಂದರು. ಆಮೇಲೆ ಜಯರಾಮಪ್ಪ ಎದ್ದ. ಗಣಿಯೊಳಗೆ ಕಲ್ಲು ಕುಸಿಯದಂತೆ ಮರದ ಆಸರೆ ನಿಲ್ಲಿಸುವ ಕೆಲಸ ಮಾಡಿದ್ದವನಾದ್ದರಿಂದ ಮೈಕಟ್ಟು ದೊಡ್ಡದು, ದನಿಯೂ ದೊಡ್ಡದು.

"ಕೊಡೋಣ," ಅಂದ. "ಆದರೆ ಇನ್ನೊಂದು ಮಾತು ಸೇರಿಸಬೇಕು. ಪೆನ್ಷನ್ ತಗೊಂಡವನು ನಾಳೆ ಅಪರಾಧ ಮಾಡಿ ಶಿಕ್ಷೆಯಾದರೆ ಪೆನ್ಷನ್ ನಿಲ್ಲಬೇಕು. ಅವನು ಈ ಸಭೆಯಲ್ಲಿ ಕೂತವನಾದರಂತೂ ಮೊದಲು ನಿಲ್ಲಬೇಕು. ಕಾನೂನು ಮಾಡಿದವನೇ ಕಾನೂನು ಮುರಿದು, ತಿಂಗಳಿಗೊಂದು ಸಲ ಅದೇ ಕಾನೂನಿನ ಮುಂದೆ ಕೈಚಾಚಿದರೆ ಅಸಹ್ಯ."

ಮುಂದಿನ ಸಾಲಿನ ಹಿರಿಯರೊಬ್ಬರು ನಕ್ಕರು. "ಜಯರಾಮಪ್ಪನವರಿಗೆ ತಮ್ಮ ಮೇಲೇ ನಂಬಿಕೆ ಇದ್ದಂತಿಲ್ಲ."

"ನನ್ನ ಮೇಲಿದೆ ಸ್ವಾಮಿ, ನನ್ನ ಕೋಪದ ಮೇಲಿಲ್ಲ. ಬೇಕಾದರೆ ಕೇಳಿ ನೋಡಿ, ನನ್ನ ಹೆಂಡತಿ ಅಲ್ಲಿ ಮೇಲೆ ಕೂತಿದ್ದಾಳೆ."

ಸಭೆಗೆ ಸಭೆಯೇ ತಲೆಯೆತ್ತಿ ನೋಡಿ ನಕ್ಕಿತು. ಮುತ್ಯಾಲಮ್ಮ ಸೆರಗನ್ನು ಮುಖದ ತನಕ ಎಳೆದುಕೊಂಡಳು. ನಗು ನಿಂತ ಮೇಲೆ ಅವನು ಮತ್ತೆ ಹೇಳಿದ. "ನಾಳೆ ನಾನೇ ತಪ್ಪು ಮಾಡಿದರೂ ಮೊದಲು ನನ್ನದೇ ನಿಲ್ಲಿಸಿ. ಅರ್ಜಿ ಕೊಟ್ಟರೆ ಓದಬೇಡಿ."

ವಾಪಸು ಬರುವಾಗ ರೈಲಿನಲ್ಲಿ, "ಎಂಗಿತ್ತೇ?" ಎಂದು ಕೇಳಿದ.

"ಅಷ್ಟು ದೊಡ್ಡೋರ ಮುಂದೆ ಎಂಡ್ತಿ ಮಾತು ಯಾಕೆ ತಂದೆ," ಎಂದು ಅವಳು ಸಿಡುಕಿದಳು. ರೊಟ್ಟಿಯ ಗಂಟು ಮಡಿಲಲ್ಲಿ ಹಾಗೇ ಇತ್ತು. ಆವತ್ತು ಅವಳಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಊರು ಮುಟ್ಟುವ ತನಕ ತುತ್ತು ಇಳಿಯಲಿಲ್ಲ.

*

ಗಣಿಯ ಸೈರನ್ ಕೂಗಿ, ಬೆಳಗಿನ ಪಾಳಿ ಮುಗಿಸಿದವರು ಮೈಮೇಲಿನ ಧೂಳಿನಲ್ಲೇ ಬಂದರು. ಹೆಣವನ್ನು ಹೊರಗೆ ತಂದು ಬೇವಿನ ಮರದ ಕೆಳಗೆ ಬೆಂಚಿನ ಮೇಲೆ ಮಲಗಿಸಿದ್ದರು. ಮನೆ ಇದ್ದದ್ದು ಮಾರಿಕುಪ್ಪಂ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ಗಾಡಿ ಬಂದು ನಿಂತರೆ ಇಂಜಿನ್ನಿನ ಉಸಿರು ಅಂಗಳಕ್ಕೆ ಕೇಳುತ್ತಿತ್ತು. ಬಂದವರು ಒಬ್ಬೊಬ್ಬರೇ ಜಯರಾಮಪ್ಪನ ಬಾಯಿಗೆ ಅಕ್ಕಿಕಾಳು ಹಾಕಿ, ಕಾಲು ಮುಟ್ಟಿ, ಹೋಗಿ ಗೋಡೆಯ ನೆರಳಲ್ಲಿ ಕೂತರು.

ಪೆರುಮಾಳ್ ಮಾತ್ರ ಹೆಣದ ಪಕ್ಕದಲ್ಲೇ ಕೂತ. ಗಣಿಯ ಆಳದಲ್ಲಿ ಜಯರಾಮಪ್ಪನ ಜೊತೆ ವರ್ಷಾನುಗಟ್ಟಲೆ ಮರ ಹೊತ್ತವನು. ಜಯರಾಮಪ್ಪನ ಪುಪ್ಪುಸ ತಿಂದ ಗಣಿಯ ಧೂಳು ಅವನೊಳಗೂ ಇತ್ತು, ಒಂದು ಮಾತಿಗೆ ಎರಡು ಸಲ ಕೆಮ್ಮುತ್ತಿದ್ದ.

"ಅಣ್ಣಿ, ನಿಂಗೆ ಗೊತ್ತಾ," ಅಂದ ಮುತ್ಯಾಲಮ್ಮನಿಗೆ. "ಮೆಂಬರ್ ಆದ ಮೇಲೆ ಒಂದ್ಸಲ ಕೆಳ್ಗೆ ಬಂದಿದ್ರು, ಗಣಿ ನೋಡಕ್ಕೆ, ದೊಡ್ಡ ಆಫೀಸರ್ ಜೊತೆ. ನಾನು ಮರ ಎತ್ತಕ್ಕೆ ಕಷ್ಟಪಡ್ತಿದ್ದೆ. ಬಿಳೀ ಜುಬ್ಬಾ ಆಕ್ಕೊಂಡೇ ಬಂದು ಎಗಲು ಕೊಟ್ಬಿಟ್ರು. ಆಫೀಸರ್‌ಗೆ ನಿಲ್ಲೋದಾ ಓಗೋದಾ ಗೊತ್ತಾಗ್ಲಿಲ್ಲ."

"ಆ ಜುಬ್ಬಾ ಒಗ್ದೋಳು ನಾನು. ನಂಗೆ ಗೊತ್ತಿಲ್ವಾ," ಅಂದಳು ಅವಳು. ಸುತ್ತಲಿದ್ದವರು ಸಣ್ಣಗೆ ನಕ್ಕರು. ಅವಳಿಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಬಂಗಾರಪೇಟೆಯ ಗಾಡಿ ಬಂದು ನಿಂತು ಹೋಯಿತು. ಸ್ವಲ್ಪ ಹೊತ್ತಿಗೆ ಬೀದಿಯ ತುದಿಯಲ್ಲಿ ರೈಲ್ವೆಯ ಕಪ್ಪು ಕೋಟು ಕಾಣಿಸಿತು. ಎಡಗಾಲನ್ನು ಅರ್ಧ ಸುತ್ತು ಹೊರಗೆ ತಿರುಗಿಸಿ ಎಳೆದುಕೊಂಡು, ಬಲಗಾಲಿಗೆ ಭಾರ ಬಿಡುತ್ತ ಒಬ್ಬ ಬರುತ್ತಿದ್ದ. ಕೈಯಲ್ಲಿ ಒಂದು ಮೊಳ ಸೇವಂತಿಗೆ.

"ಅವ್ನ್ಯಾಕೆ ಬಂದ?" ವೆಂಕಟೇಶಪ್ಪ ಪೆರುಮಾಳನ ಕಿವಿಯಲ್ಲಿ ಅಂದ. "ಇನ್ನೇನ್ ಶ್ರೀನಿವಾಸಪ್ಪೋರು ಬರೋ ಒತ್ತು. ಎಂಗಾನಾ ಮಾಡಿ ಕಳ್ಸಣ್ಣ."

"ಸಾವಿಗೆ ಬಂದೋರನ್ನ ಎಂಗಪ್ಪಾ ಕಳ್ಸೋದು," ಅಂದ ಪೆರುಮಾಳ್.

ಕುಪ್ಪುಸ್ವಾಮಿ, ಅದೇ ಟಿಕೆಟ್ ಕೇಳಿ ಕಾಲು ಮುರಿಸಿಕೊಂಡವನು, ಯಾರ ಮುಖವನ್ನೂ ನೋಡದೆ ಬಂದು ಹೂವನ್ನು ಹೆಣದ ಪಾದದ ಮೇಲಿಟ್ಟ. ಅಕ್ಕಿಯ ತಟ್ಟೆಯಿಂದ ನಾಲ್ಕು ಕಾಳು ತೆಗೆದು, ಕಷ್ಟಪಟ್ಟು ಬಗ್ಗಿ, ಜಯರಾಮಪ್ಪನ ತುಟಿಗೆ ಹಾಕಿದ. ಆಮೇಲೆ ಗುಂಪಿನ ಕೊನೆಗೆ ಹೋಗಿ, ಕೆಟ್ಟ ಕಾಲನ್ನು ಮುಂದಕ್ಕೆ ಚಾಚಿಕೊಂಡು ನೆಲದ ಮೇಲೆ ಕೂತ.

ಮುತ್ಯಾಲಮ್ಮನಿಗೆ ಬೆಳಗ್ಗೆ ತಾನು ಅಂದ ಊಂ ನೆನಪಾಯಿತು. ಆ ಒಂದು ಊಂ ಈ ಮನುಷ್ಯನನ್ನು ಇಷ್ಟು ಜನದ ಮುಂದೆ ಹೆಣ್ಣಿನ ಸೆರಗು ಎಳೆದವನನ್ನಾಗಿ ಮಾಡಲಿತ್ತು.

*

ಆವತ್ತು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಯಾವ ಹೆಂಗಸೂ ಇರಲಿಲ್ಲ. ಮೊಸರಿನ ಗಡಿಗೆಯೂ ಇರಲಿಲ್ಲ. ಇದ್ದದ್ದು ಜೇಬಿನಲ್ಲೊಂದು ಹಳೆಯ ಪಾಸು.

ಎರಡನೆಯ ಚುನಾವಣೆಯಲ್ಲಿ ಜಯರಾಮಪ್ಪ ಸೋತಿದ್ದ. ಸೋಲು ಎಲ್ಲರಿಗೂ ಅರ್ಥವಾಗಿತ್ತು, ಅವನೊಬ್ಬನಿಗೆ ಬಿಟ್ಟು. ಐದು ವರ್ಷ ಶಾಸನಸಭೆಯ ಮೆಂಬರ್ ಪಾಸಿನಲ್ಲಿ ಓಡಾಡಿ ಟಿಕೆಟ್ ಕೊಳ್ಳುವುದೇ ಮರೆತುಹೋಗಿತ್ತು. ಮಾರಿಕುಪ್ಪಂ ಲೈನಿನ ಟಿಕೆಟಿನವರೆಲ್ಲ ಗುರುತಿನವರು, ಪಾಸಿನ ತಾರೀಖು ನೋಡದೆ ಕೈಮುಗಿದು ಬಿಡುತ್ತಿದ್ದರು. ಅವರು ಬಿಡುತ್ತಾರೆ, ಇವನು ಹೋಗುತ್ತಾನೆ. ಹೀಗೇ ತಿಂಗಳುಗಳು ಕಳೆದವು.

ಕುಪ್ಪುಸ್ವಾಮಿ ಜೋಲಾರಪೇಟೆಯ ಕಡೆಯಿಂದ ಹೊಸದಾಗಿ ಬಂದವನು. ಮೀಸೆ ಸರಿಯಾಗಿ ಮೂಡದ ಹುಡುಗಮುಖ. ಬಂಗಾರಪೇಟೆಯಲ್ಲಿ ಪಾಸನ್ನು ಕೈಗೆ ತೆಗೆದುಕೊಂಡು ಎರಡೂ ಬದಿ ನೋಡಿದ.

"ಇದು ಮುಗಿದುಹೋಗಿದೆ. ದಂಡ ಕಟ್ಟಬೇಕು."

"ನಾನ್ಯಾರು ಗೊತ್ತೇನಯ್ಯಾ?"

"ಗೊತ್ತಿಲ್ಲ ಸಾರ್."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಷ್ಟೇ. ಜಯರಾಮಪ್ಪ ಎರಡೂ ಕೈಯಿಂದ ತಳ್ಳಿದ. ಗಣಿಯಲ್ಲಿ ಮರ ಎತ್ತಿದ ಕೈ. ಹುಡುಗ ಪ್ಲಾಟ್‌ಫಾರಮ್ಮಿನ ಅಂಚು ದಾಟಿ ಹಳಿಯ ಮೇಲೆ ಬಿದ್ದ. ಮೂಳೆ ಮುರಿದ ಸದ್ದು ನಗುತ್ತಿದ್ದವನಿಗೂ ಕೇಳಿಸಿತು. ಮರುಗಳಿಗೆಯಲ್ಲಿ ಜಯರಾಮಪ್ಪನೇ ಕೆಳಗೆ ಧುಮುಕಿ, ಮಗುವಿನ ಹಾಗೆ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಆಮೇಲೆ ಅಲ್ಲಿಂದ ಸೀದಾ ಪೊಲೀಸರ ಹತ್ತಿರ ಹೋದ.

ಬಿಡಿಸಿಕೊಳ್ಳಲು ದಾರಿಗಳಿಗೇನೂ ಬರವಿರಲಿಲ್ಲ. ನೋಡಿದವರೆಲ್ಲ ಕಾಲು ಜಾರಿ ಬಿದ್ದ ಎಂದು ಹೇಳಲು ತಯಾರಾಗಿ ನಿಂತರು. ಕುಪ್ಪುಸ್ವಾಮಿಯ ಮಾತೊಂದನ್ನು ಬಿಟ್ಟರೆ ವಿರುದ್ಧ ಸಾಕ್ಷಿಯೇ ಇರಲಿಲ್ಲ. ವಕೀಲರು, ಸುಮ್ಮನೆ ತಲೆ ತಗ್ಗಿಸಿ ನಿಂತಿರಿ, ಉಳಿದದ್ದು ನನಗೆ ಬಿಡಿ ಅಂದಿದ್ದರು. ಅವನಿಗೆ ತಲೆ ತಗ್ಗಿಸುವುದೊಂದು ಬರುತ್ತಿರಲಿಲ್ಲ.

"ನಾನೇ ತಳ್ಳಿದೆ," ಅಂದ ಕೋರ್ಟಿನಲ್ಲಿ. "ಅವನು ಕೇಳಿದ್ದು ಸರಿ. ನಾನು ಮಾಡಿದ್ದು ತಪ್ಪು."

ಆರು ತಿಂಗಳ ಜೈಲಾಯಿತು. ಮೊಸರಿನ ಹೆಂಗಸು ಹುಟ್ಟಿದ್ದು ಆ ಆರು ತಿಂಗಳಲ್ಲಿ, ಮಾರಿಕುಪ್ಪಂ ಗಾಡಿಯ ಡಬ್ಬಿಗಳಲ್ಲಿ. ಅಷ್ಟು ದೊಡ್ಡ ಮನುಷ್ಯ ಇಷ್ಟು ಚಿಲ್ಲರೆ ವಿಷಯಕ್ಕೆ ಜೈಲಿಗೆ ಹೋದ ಅನ್ನುವುದು ಜನಕ್ಕೆ ಸಹಿಸಲಾಗಲಿಲ್ಲ. ಪ್ರೀತಿಯಿಂದಲೇ ಒಬ್ಬಳು ಹೆಂಗಸನ್ನು ತಂದು ನಿಲ್ಲಿಸಿದರು. ಬಿಡುಗಡೆಯಾಗಿ ಬಂದ ಜಯರಾಮಪ್ಪ ಸಂತೆಯಲ್ಲಿ ಆ ಕತೆ ಹೇಳಿದವರನ್ನು ನಿಲ್ಲಿಸಿ ನಿಲ್ಲಿಸಿ ಬೈದ. ಜನ ಅದನ್ನು ದೊಡ್ಡವರ ವಿನಯ ಅಂದುಕೊಂಡು ಇನ್ನಷ್ಟು ಹೇಳಿದರು.

ಪೆನ್ಷನ್ ನಿಂತಿತೆಂದು ಸರ್ಕಾರದಿಂದ ತಿಳಿಸಿದ ದಿನ ಮುತ್ಯಾಲಮ್ಮ ಬಾಯಿಗೆ ಬಂದಂತೆ ಅಂದಿದ್ದಳು. "ನಿನ್ ಗುಂಡಿ ನೀನೇ ತೋಡ್ಕೊಂಡೆ. ಯಾವನೂ ಕೇಳಿರ್ಲಿಲ್ಲ ಆ ಕಾನೂನ."

"ಬೇರೆ ಮೆಂಬರ್‌ಗೆ ನಿಂತಿದ್ರೆ ಸರಿ ಅಂತಿದ್ಯಾ, ತಪ್ಪು ಅಂತಿದ್ಯಾ?"

ಅವಳು ಮುಖ ಆಚೆ ತಿರುಗಿಸಿಕೊಂಡಳು.

"ಸರಿ ಅಂತಿದ್ದೆ. ನಿನ್ ಮೊಕ ಯೋಳ್ತೈತೆ," ಎಂದು ಅವನು ಚೀಲ ಹೆಗಲಿಗೆ ಹಾಕಿಕೊಂಡು ಬಂಗಾರಪೇಟೆಯಿಂದ ತರಕಾರಿ ತರಲು ಹೊರಟುಬಿಟ್ಟಿದ್ದ. ಆಮೇಲಿನ ಬದುಕೆಲ್ಲ ಅದೇ ಆಯಿತು, ಅವನು ತರುವುದು, ಅವಳು ಮಾರುವುದು.

ನಿಂತು ಕೆಲಸ ಮಾಡಲಾಗದ ಕುಪ್ಪುಸ್ವಾಮಿಗೆ ರೈಲ್ವೆಯವರು ಮಾರಿಕುಪ್ಪಂನಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂರುವ ಕೆಲಸ ಕೊಟ್ಟರು. ಮೊದಲ ದಿನ ಜಯರಾಮಪ್ಪ ಕಿಟಕಿಗೆ ಬಗ್ಗಿ "ಬಂಗಾರಪೇಟೆ ಒಂದು" ಅಂದಾಗ ಮುತ್ಯಾಲಮ್ಮ ಹಿಂದೆಯೇ ನಿಂತಿದ್ದಳು. ಒಳಗಿನ ಮುಖ ಒಮ್ಮೆ ಮೇಲೆದ್ದು ನೋಡಿತು. ಟಿಕೆಟ್ ಬಂತು, ಮಾತು ಬರಲಿಲ್ಲ. ಕೆಲವು ವರ್ಷಗಳಾದ ಮೇಲೆ ಒಂದು ದಿನ ಕಿಟಕಿಯ ಆಚೆಯಿಂದ "ಕೆಮ್ಮು ಎಂಗಿದೆ?" ಎಂಬ ದನಿ ಕೇಳಿತು. "ಇದೆ. ಕಾಲು?" ಅಂದ ಜಯರಾಮಪ್ಪ. "ಇದೆ ಸಾರ್," ಎಂಬ ಉತ್ತರ ಬಂತು. ಅವರಿಬ್ಬರ ನಡುವೆ ಆಡಿದ ಮಾತೆಂದರೆ ಕಡೆಯ ತನಕ ಇಷ್ಟೇ. ಇಷ್ಟರಲ್ಲೇ ಒಬ್ಬರ ಮೇಲೊಬ್ಬರಿಗೆ ಏನೋ ಒಂದು ಗೌರವ ಬೆಳೆದಿತ್ತು.

*

ಶ್ರೀನಿವಾಸಪ್ಪನವರ ಕಾರು ಬೀದಿಗೆ ಹಿಡಿಸದೆ ಸ್ಟೇಷನ್ನಿನ ಬಳಿಯೇ ನಿಂತಿತು. ಅವರು ಎದೆಗೆ ಗುಲಾಬಿ ಹಾರ ಅಪ್ಪಿಕೊಂಡು ನಡೆದು ಬಂದರು. ಪಕ್ಷದ ತಾಲ್ಲೂಕು ಅಧ್ಯಕ್ಷರು, ಬರುವ ಚುನಾವಣೆಗೆ ನಿಲ್ಲುವವರು. ಹಾರ ಹಾಕಿ, ಕಣ್ಣೊರೆಸಿಕೊಂಡು, ಜನದ ಕಡೆ ತಿರುಗಿದರು. ಕಣ್ಣೀರು ನಿಜವೇ ಇತ್ತು. ಚಳವಳಿಯ ದಿನ ಅವರೂ ಜಯರಾಮಪ್ಪನ ಹಿಂದೆ ಬಾವುಟ ಹಿಡಿದು ನಡೆದಿದ್ದವರೇ.

"ಮಹನೀಯರೇ, ಇಂಥ ಒಬ್ಬ ಧೀರನಿಗೆ ಕೊನೆಗಾಲದಲ್ಲಿ ಅನ್ಯಾಯವಾಯಿತು. ಬಡ ಹೆಣ್ಣುಮಗಳೊಬ್ಬಳ ಮಾನಕ್ಕೆ ಕೈಹಾಕಿದ ರೈಲ್ವೆ ನೌಕರನೊಬ್ಬನನ್ನು ತಡೆದದ್ದೇ ಇವರ ತಪ್ಪಾಯಿತು. ಸುಳ್ಳು ಕೇಸು ಹಾಕಿದರು. ಇವರ ಹಕ್ಕಿನ ಪೆನ್ಷನ್ ಕಿತ್ತುಕೊಂಡರು."

ಗುಂಪು ಒಮ್ಮೆ ಹಿಂದಕ್ಕೆ ತಿರುಗಿ ನೋಡಿತು. ಕುಪ್ಪುಸ್ವಾಮಿ ಏಳಲಿಲ್ಲ. ಚಾಚಿದ ಕಾಲನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಹತ್ತಿರಕ್ಕೆ ಎಳೆದುಕೊಂಡ. ಅವನ ಕಿವಿ ಕೆಂಪಗಾಗಿತ್ತು.

"ಆ ಅನ್ಯಾಯವನ್ನು ಸರಿಪಡಿಸದೆ ನಾನು ಬಿಡುವುದಿಲ್ಲ. ಅಲ್ಲವೇನಮ್ಮಾ?"

ವೆಂಕಟೇಶಪ್ಪ ಅತ್ತಿಗೆಯನ್ನೇ ನೋಡುತ್ತಿದ್ದ. ಮುತ್ಯಾಲಮ್ಮ ಬೆಂಚಿನ ಅಂಚು ಹಿಡಿದು, ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ಎಂದು ಮೇಲೆದ್ದಳು.

"ಅಲ್ಲ ಸ್ವಾಮಿ," ಅಂದಳು.

ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. "ಅಲ್ಲಿ ಯಾವ ಎಣ್ಣೂ ಇರ್ಲಿಲ್ಲ. ನಮ್ಮನೆಯೋರತ್ರ ಟಿಕೇಟ್ ಇರ್ಲಿಲ್ಲ. ಈ ಅಯ್ಯ ಕೇಳ್ದ. ಯಾರೋ ನಕ್ರು. ಇವ್ರಿಗೆ ಕ್ವಾಪ ಬಂತು, ತಳ್ಳುದ್ರು. ಕೇಸು ನಿಜ. ಕೋರ್ಟಾಗೆ ಅವ್ರೇ ಒಪ್ಕೊಂಡವ್ರೆ."

ಶ್ರೀನಿವಾಸಪ್ಪನವರು ಹತ್ತಿರ ಬಂದು ದನಿ ತಗ್ಗಿಸಿದರು. "ತಾಯಿ, ದುಃಖದಲ್ಲಿ ಏನೋ ಅನ್ನಬೇಡಿ. ಪೆನ್ಷನ್ನಿನ ವಿಷಯ, ನಿಮ್ಮ ಒಳ್ಳೆಯದಕ್ಕ..."

"ನಂಗೊತ್ತು ಸ್ವಾಮಿ. ನೀವು ಕೊಡ್ಸೋರೇ. ನಂಗೆ ಬೇಕಾಗೂ ಐತೆ, ಬ್ಯಾಡ ಅಂದ್ರೆ ಸುಳ್ಳಾಗ್ತದೆ. ಆದ್ರೆ ಅದನ್ನ ನಿಲ್ಸಿದ್ದು ಸರ್ಕಾರ ಅಲ್ಲ, ನನ್ ಗಂಡ. ನಂದೇ ಮೊದ್ಲು ನಿಲ್ಸಿ, ಅರ್ಜಿ ಕೊಟ್ರೆ ಓದ್ಬೇಡಿ ಅಂತ ಅಷ್ಟು ಜನದ ಮುಂದೆ ಅಂದ್ರು. ನಾನು ಅಲ್ಲೇ ಮ್ಯಾಲೆ ಕೂತಿದ್ದೆ, ನನ್ ಕಿವಿಯಾರೆ ಕೇಳಿವ್ನಿ. ಇವತ್ತು ನಾನು ಅರ್ಜಿ ಇಡ್ಕೊಂಡು ನಿಂತ್ರೆ ಆ ಮಾತು ಏನಾಗ್ಬೇಕು?"

ಅವಳು ಸೆರಗಿನಿಂದ ಮೂಗೊರೆಸಿಕೊಂಡು, ಈಗ ಶ್ರೀನಿವಾಸಪ್ಪನವರನ್ನು ಬಿಟ್ಟು ಗಣಿಯ ಜನದ ಕಡೆ ತಿರುಗಿದಳು. "ಜೈಲಿಗೋದ ಮೆಂಬರ್ರು ಬಾಳ ಜನ ಇರ್ಬೋದು. ತಾನ್ ಮಾಡ್ಸಿದ ಕಾನೂನ್ಗೆ ತಾನೇ ಕತ್ತು ಕೊಟ್ಟು, ಸೊಪ್ಪು ತರಕಾರಿ ಒತ್ಕೊಂಡು ಬದುಕಿದ ಮೆಂಬರ್ನ ಇನ್ನೊಬ್ರನ್ನ ತೋರ್ಸಿ ನೋಡಾನ. ಅಂಥೋರಿಗೆ ಸುಳ್ಳು ಯೋಳಿ ಮಣ್ಣು ಮಾಡ್ಬ್ಯಾಡ್ರಿ. ಮಾರೀ, ಬೆಳಗ್ಗೆ ನಾನಂದಿದ್ದು ಬಿಟ್ಬಿಡು. ಎರಡೂ ಜೈಲು ಹಾಡು, ಇದ್ದಂಗೆ ಹಾಡು."

ಮಾರಿಯಮ್ಮ ಎಂದೂ ಇಷ್ಟು ಬೇಗ ಕೂತವಳಲ್ಲ. ಕಾಲು ಮಡಿಸಿ, ಕೂದಲು ಬಿಚ್ಚಿ, ಎದೆಗೆ ಕೈ ಹಚ್ಚಿದಳು.

"ಒಂದ್ ಜೈಲು ದೇಸಕ್ಕೆ, ಒಂದ್ ಜೈಲು ಕ್ವಾಪಕ್ಕೆ,
ಎರಡ್ನೂ ಉಂಡ್ಯಲ್ಲೋ ನಮ್ಮಪ್ಪಾ,
ಉಂಡಿದ್ದ ಇಲ್ಲಾಂತ ಅನಲಿಲ್ವಲ್ಲೋ.
ನೀ ಕಟ್ಟಿದ ಬಾಗ್ಲಿಗೆ ನಿನ್ ತಲೆ ತಾಗಿದ್ರೂ
ಬಾಗ್ಲ ಕೀಳಲಿಲ್ವಲ್ಲೋ ನನ್ ಸಾಮೀ,
ಬಗ್ಗಿ ನಡೆದ್ಯಲ್ಲೋ."

ಹೆಂಗಸರು ಎದೆ ಬಡಿದುಕೊಂಡು ಸೊಲ್ಲು ಕೊಟ್ಟರು. ಗೋಡೆಯ ನೆರಳಲ್ಲಿ ಕೂತಿದ್ದ ಗಂಡಸರಲ್ಲಿ ಎಷ್ಟೋ ಜನ ತಲೆಯ ಮೇಲಿನ ಬಟ್ಟೆ ತೆಗೆದು ಎದ್ದು ನಿಂತರು. ಶ್ರೀನಿವಾಸಪ್ಪನವರು ಕಾರಿನ ಕಡೆ ಹೋಗಬಹುದಿತ್ತು. ಹೋಗಲಿಲ್ಲ. ಚಪ್ಪಲಿ ಬಿಟ್ಟು ಗುಂಪಿನೊಳಗೆ ಸೇರಿಕೊಂಡರು. ಮುತ್ಯಾಲಮ್ಮ ಅಳಲಿಲ್ಲ. ಹಾಡು ಮುಗಿಯುವ ತನಕ ಗಂಡನ ತಲೆಯ ಹತ್ತಿರ ನೆಟ್ಟಗೆ ನಿಂತಿದ್ದಳು. ಮಂಡಿ ನೋಯುತ್ತಿರುವುದು ಅವಳ ಗಮನಕ್ಕೇ ಬರಲಿಲ್ಲ.

ಚಟ್ಟ ಕಟ್ಟಿ, ಹೆಣ ಮಲಗಿಸಿ, ಎತ್ತುವ ಹೊತ್ತಾಯಿತು. ಮುಂದೆ ಒಂದು ಕಡೆ ಪೆರುಮಾಳ್, ಇನ್ನೊಂದು ಕಡೆ ವೆಂಕಟೇಶಪ್ಪ. ಆಗ ಕುಪ್ಪುಸ್ವಾಮಿ ಗೋಡೆ ಹಿಡಿದು ಎದ್ದು, ಜನದ ನಡುವೆ ಕಾಲೆಳೆದುಕೊಂಡು ಬಂದು ಮುತ್ಯಾಲಮ್ಮನ ಮುಂದೆ ನಿಂತ.

"ಅಮ್ಮಾ, ನಾನೂ ಎಗಲು ಕೊಡ್ಲಾ?"

ಪೆರುಮಾಳ್ ಕೆಮ್ಮಿದ. "ಸಾರ್, ತಪ್ಪು ತಿಳ್ಕೋಬ್ಯಾಡಿ. ದಾರಿ ಏರು. ಚಟ್ಟ ವಾಲ್ತದೆ."

"ವಾಲ್ಲಿ," ಅಂದಳು ಮುತ್ಯಾಲಮ್ಮ.

ವೆಂಕಟೇಶಪ್ಪ ಅತ್ತಿಗೆಯ ಮುಖ ನೋಡಿದ, ಕುಪ್ಪುಸ್ವಾಮಿಯ ಕಾಲು ನೋಡಿದ. ಬಿಕ್ಕುತ್ತ, ತನ್ನ ಹೆಗಲಿನ ಬಿದಿರನ್ನು ತೆಗೆದು ಅವನ ಹೆಗಲಿಗಿಟ್ಟು ತಾನು ಹಿಂದಕ್ಕೆ ಸರಿದ.

ಚಟ್ಟ ಬೀದಿಗೆ ಇಳಿಯಿತು. ಕುಪ್ಪುಸ್ವಾಮಿಯ ಎಡಗಾಲು ನೆಲ ಮುಟ್ಟಿದಾಗಲೆಲ್ಲ ಜಯರಾಮಪ್ಪನ ತಲೆಯ ಕಡೆಯ ಮೂಲೆ ಒಮ್ಮೆ ತಗ್ಗಿ ಏಳುತ್ತಿತ್ತು. ಪೆರುಮಾಳ್ ತನ್ನ ಹೆಜ್ಜೆ ಚಿಕ್ಕದು ಮಾಡಿಕೊಂಡ. ಹಿಂದಿನ ಇಬ್ಬರೂ ಚಿಕ್ಕದು ಮಾಡಿಕೊಂಡರು. ಅವರ ಹಿಂದೆ ಗಣಿಯ ಜನ, ಬರಿಗಾಲಿನ ಶ್ರೀನಿವಾಸಪ್ಪನವರು, ಎಲ್ಲರೂ ನಿಂತು ನಿಂತು ನಡೆಯತೊಡಗಿದರು. ಹೆಂಗಸರು ಬೀದಿಯ ತಿರುವಿನಲ್ಲೇ ನಿಲ್ಲಬೇಕು. ಮುತ್ಯಾಲಮ್ಮ ಅಲ್ಲಿ ನಿಂತು ನೋಡುತ್ತಿದ್ದಳು. ಎಲ್ಲರಿಗಿಂತ ಮುಂದೆ ಹೋಗುತ್ತಿದ್ದ ತಮಟೆಯವನು ಹಿಂದಕ್ಕೆ ತಿರುಗಿ ಒಂದು ಗಳಿಗೆ ಆ ನಡಿಗೆಯನ್ನು ಗಮನಿಸಿದ. ಆಮೇಲೆ ತನ್ನ ಏಟನ್ನು ಬದಲಾಯಿಸಿ, ಆ ಕುಂಟುಕಾಲಿಗೆ ಸರಿಯಾಗಿ ಬಾರಿಸುತ್ತ ನಡೆದ.